ಸಭೆ ನಡೆಸಲು ಕಲಿತ ವರ್ಷ

ಅಧ್ಯಾಪಕರ ಮಂಡಳಿಗೆ ನಾನು ಅಧ್ಯಕ್ಷೆಯಾದದ್ದು ನಾನಿಲ್ಲದ ದಿನ. ಮಗಳಿಗೆ ಕಿವಿನೋವೆಂದು ರಜೆ ಹಾಕಿ ಕ್ಲಿನಿಕ್ಕಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಬಂದಾಗ ಲೈಬ್ರರಿಯನ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಕಂಗ್ರಾಜುಲೇಷನ್ಸ್ ಟೀಚರ್. ನಿನ್ನೆ ಯಾರೂ ಕೈ ಎತ್ತಲಿಲ್ಲ. ಇಲ್ಲದವರ ಹೆಸರು ಹೇಳ್ಲಿಕ್ಕೆ ಸುಲಭ ಆಯ್ತು."

ಅವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಐವತ್ತು ದಾಟಿದವರು. ನಾನು ಉಳ್ಳಾಲದ ಬ್ಯಾರಿ ಮನೆಯವಳು, ಗಣಿತ ಕಲಿಸುವವಳು. ಒಮಾನಿನ ಸೂರ್ ಊರಿನ ಆ ಸಣ್ಣ ಕಾಲೇಜಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಎರಡು ವರ್ಷದ ಡಿಪ್ಲೊಮಾಕ್ಕೆ ಅಲ್ಲಿಗೆ ಬರುವವರು ಹೆಚ್ಚಾಗಿ ಮೀನುಗಾರರ, ಹಡಗು ಕಟ್ಟುವವರ, ಗ್ಯಾಸ್ ಪ್ಲಾಂಟಿನ ನೌಕರರ ಮಕ್ಕಳು. ನನ್ನ ಗಂಡನಿಗೂ ಆ ಪ್ಲಾಂಟಿನಲ್ಲೇ ಶಿಫ್ಟಿನ ಕೆಲಸ.

ಮಂಡಳಿಯೆಂದರೆ ವಿಭಾಗಕ್ಕೊಬ್ಬರಂತೆ ಒಂಬತ್ತು ಮಂದಿ. ಪಾಠ, ಪರೀಕ್ಷೆ, ಟೈಮ್‌ಟೇಬಲ್ಲಿನ ವಿಷಯಗಳನ್ನು ಚರ್ಚಿಸಿ ಡೀನ್‌ಗೆ ಸಲಹೆ ಕೊಡುವುದು ಅದರ ಕೆಲಸ. ಒಂಬತ್ತರಲ್ಲಿ ಇಬ್ಬರು ಒಮಾನಿಗಳು, ನಾನೂ ಸೇರಿ ಉಳಿದ ಏಳು ಮಂದಿ ಹೊರದೇಶದವರು. ನಮ್ಮ ಕಾಂಟ್ರಾಕ್ಟ್ ಪ್ರತಿ ವರ್ಷ ಮೇ ತಿಂಗಳಲ್ಲಿ ಮುಂದುವರಿಯಬೇಕು. ಆ ಪತ್ರಕ್ಕೆ ಸಹಿ ಹಾಕುವವರು ಅದೇ ಡೀನ್. ಹೀಗಾಗಿ ಸಲಹೆ ಕೊಡುವ ಮಂಡಳಿಯಲ್ಲಿ ಸಲಹೆ ಕೊಡಲು ಯಾರಿಗೂ ಇಷ್ಟವಿರಲಿಲ್ಲ.

ನನ್ನ ಮೊದಲ ಸಭೆಗೆ ಬಂದ ವಿಷಯವೇ ಕಠಿಣವಾದದ್ದು. ಮೊದಲ ವರ್ಷದ ವಿದ್ಯಾರ್ಥಿಗಳು ಫೇಲಾದರೆ ಅದೇ ಸೆಮಿಸ್ಟರಿನಲ್ಲಿ ಇನ್ನೊಮ್ಮೆ ಬರೆಯಬಹುದಾದ ಮರುಪರೀಕ್ಷೆಯನ್ನು ರದ್ದು ಮಾಡಬೇಕೆಂದು ಡೀನ್ ಯೋಚಿಸಿದ್ದರು. ಮಂಡಳಿಯ ಅಭಿಪ್ರಾಯ ಕೇಳಿದ್ದರು. ಕಾರಿಡಾರಿನಲ್ಲಿ, ಚಹಾದ ಹೊತ್ತಿನಲ್ಲಿ ಎಲ್ಲರೂ "ಇದು ಸರಿಯಲ್ಲ" ಎನ್ನುತ್ತಿದ್ದರು. ಸಭೆಯಲ್ಲಿ ಮಾತ್ರ ತಲೆ ಬಗ್ಗಿಸಿ ಫೋನು ನೋಡುತ್ತ ಕುಳಿತರು.

ಆ ದಿನ ನಾನು ಹನ್ನೊಂದು ವಿಷಯಗಳ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಮೆಕ್ಯಾನಿಕಲ್ ವಿಭಾಗದ ಹಿರಿಯ ಒಮಾನಿ ಅಧ್ಯಾಪಕರು ಮೊದಲನೆಯ ವಿಷಯಕ್ಕೇ ಮಾತು ಶುರು ಮಾಡಿದರು. ಹಡಗು ಕಟ್ಟುವ ಮನೆತನದವರು, ಗಟ್ಟಿ ದನಿಯವರು. ಹಿಂದಿನ ಕಾಲದ ಪರೀಕ್ಷೆಗಳ ಕಟ್ಟುನಿಟ್ಟಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅವರನ್ನು ತಡೆಯಲು ನನಗೆ ಬಾಯಿ ಬರಲಿಲ್ಲ. ಆಮೇಲೆ ನಮಾಜಿನ ಹೊತ್ತಾಯಿತು. ತಿರುಗಿ ಬಂದು ಕುಳಿತು ಹತ್ತು ನಿಮಿಷವಾಗುವಷ್ಟರಲ್ಲಿ ಯಾರೋ "ಯಲ್ಲಾ, ನಡೀರಿ, ಬಸ್ಸು ಹೊರಡ್ತದೆ" ಎಂದು ಎದ್ದರು. ಎಲ್ಲರೂ ಎದ್ದರು. ಮರುಪರೀಕ್ಷೆಯ ವಿಷಯಕ್ಕೆ ನಾವು ಬಂದಿರಲೇ ಇಲ್ಲ.

ಎರಡು ದಿನದ ಮೇಲೆ ಡೀನ್ ಕಚೇರಿಯಿಂದ ಒಂದು ಸಾಲಿನ ಇಮೇಲ್ ಬಂತು. ಮುಂದಿನ ವಾರದೊಳಗೆ ಮಂಡಳಿಯ ಅಭಿಪ್ರಾಯ ಬರದಿದ್ದರೆ ಒಪ್ಪಿಗೆಯಿದೆ ಎಂದು ತಿಳಿಯಲಾಗುವುದು. ಅದನ್ನು ಓದಿದ ಮೇಲೆ ಆ ದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಾಡಿದ ಲೆಕ್ಕ ಎರಡು ಸಲ ತಪ್ಪಿತು.

ಲೈಬ್ರರಿಗೆ ಹೋಗಿ ಕುಳಿತೆ. ಲೈಬ್ರರಿಯನ್ ಹಲವು ವರ್ಷಗಳಿಂದ ಮಂಡಳಿಯ ನಡಾವಳಿ ಬರೆಯುತ್ತ ಬಂದವರು. ಎಷ್ಟೋ ಅಧ್ಯಕ್ಷರನ್ನು ನೋಡಿದ್ದರು.

"ನನ್ನಿಂದ ಆಗುದಿಲ್ಲ. ಬೇರೆಯವರನ್ನು ಮಾಡಿ ಅಂತ ಬರೆದುಕೊಡ್ತೇನೆ," ಎಂದೆ.

"ಬರೆದುಕೊಡಿ. ಆದ್ರೆ ಇದೊಂದು ಸಭೆ ಮುಗಿಸಿ ಕೊಡಿ," ಎಂದರು. "ಹನ್ನೊಂದು ವಿಷಯ ಯಾಕೆ ಮಾರಾಯ್ತಿ? ಒಂದು ಸಾಕು. ಮೊದ್ಲು ಎಲ್ರ ಹತ್ರ ಬರೆಸಿ, ಆಮೇಲೆ ಮಾತಾಡಿಸಿ. ಮಾತಾಡಿಸುವಾಗ ಹೊಸಬರಿಂದ ಶುರು ಮಾಡಿ. ದೊಡ್ಡವರು ಮೊದ್ಲು ಮಾತಾಡಿದ್ರೆ ಸಣ್ಣವರಿಗೆ ಹೇಳ್ಲಿಕ್ಕೆ ಎಂತ ಉಳೀತದೆ?"

ಅವರು ಹೇಳಿದ್ದನ್ನು ಪರೀಕ್ಷೆಗೆ ಓದುವವಳ ಹಾಗೆ ಬರೆದುಕೊಂಡೆ. ಹಿರಿಯ ಒಮಾನಿ ಅಧ್ಯಾಪಕರ ಕೋಣೆಗೆ ಮುಂಚಿತವಾಗಿಯೇ ಹೋಗಿ, "ಈ ಸಲ ಪ್ರತಿಯೊಬ್ಬರಿಗೂ ಮೂರು ನಿಮಿಷ. ನೀವು ಕೊನೆಯಲ್ಲಿ ಮಾತಾಡಬೇಕು," ಎಂದು ಹೇಳಿದೆ. ಹೇಳುವಾಗ ನನ್ನ ಇಂಗ್ಲಿಷು ಒಡೆದು ಒಡೆದು ಬಂತು. ಅವರು ನನ್ನನ್ನೇ ನೋಡಿದರು. "ಖಲಾಸ್, ಆಯ್ತು. ಕೊನೆಯಲ್ಲೇ ಮಾತಾಡ್ತೇನೆ," ಎಂದರು, ಅಷ್ಟೇ.

ಎರಡನೆಯ ಸಭೆಯಲ್ಲಿ ಎಂಟು ಜನರಿಗೂ ಒಂದೊಂದು ಚೀಟಿ ಕೊಟ್ಟೆ. "ಮರುಪರೀಕ್ಷೆ ರದ್ದಾಗಬೇಕೆ? ಏಕೆ? ಹೆಸರು ಬೇಡ. ಈ ಚೀಟಿಗಳು ನನ್ನ ಹತ್ತಿರ ಮಾತ್ರ ಇರುತ್ತವೆ," ಎಂದೆ. ಐದು ನಿಮಿಷ ಎಲ್ಲರೂ ಬರೆದರು. ಚೀಟಿಗಳನ್ನು ಓದಿದಾಗ ಆರು ಮಂದಿ ರದ್ದಾಗುವುದು ಬೇಡವೆಂದಿದ್ದರು, ಇಬ್ಬರು ರದ್ದಾಗಲಿ ಎಂದಿದ್ದರು. ಓದಿ ಮುಗಿಸುವಾಗ ಕೋಣೆಯ ಗಾಳಿಯೇ ಬದಲಾಗಿತ್ತು. ಹಾಗೆ ಯೋಚಿಸುವವರು ತಾವೊಬ್ಬರೇ ಅಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು.

ಹೊಸಬರೆಂದರೆ ಸುಡಾನಿನಿಂದ ಬಂದಿದ್ದ ಭೌತಶಾಸ್ತ್ರದ ಅಧ್ಯಾಪಕಿ. ಮೆಲುದನಿಯವರು. "ಫೇಲಾದವರ ಪಟ್ಟಿ ನೋಡಿದೆ," ಎಂದರು. "ಹೆಚ್ಚಿನವರಿಗೆ ಒಂದೇ ದಿನ ಎರಡು ಪರೀಕ್ಷೆ ಬಿದ್ದಿತ್ತು. ಅವರಿಗೆ ಪಾಠ ಬರುವುದಿಲ್ಲವೆಂದಲ್ಲ." ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಕೊನೆಯ ಸರದಿ ಬಂದಾಗ ಹಿರಿಯ ಅಧ್ಯಾಪಕರು ತಮ್ಮ ಮೂರು ನಿಮಿಷಗಳಲ್ಲಿ ಒಂದನ್ನಷ್ಟೇ ಬಳಸಿದರು. "ಹಾಗಾದರೆ ಮೊದಲು ಟೈಮ್‌ಟೇಬಲ್ ಸರಿ ಮಾಡಿ. ಮರುಪರೀಕ್ಷೆ ಈ ವರ್ಷ ಇರಲಿ," ಎಂದರು. ಒಂದೇ ದಿನ ಎರಡು ಪರೀಕ್ಷೆಯ ಕಾರಣವನ್ನೂ ಸೇರಿಸಿ ಅದನ್ನೇ ನಿರ್ಣಯವಾಗಿ ಬರೆದೆವು. ಸಭೆ ಐವತ್ತು ನಿಮಿಷಕ್ಕೆ ಮುಗಿಯಿತು.

ನೆಮ್ಮದಿ ಉಳಿದದ್ದು ಒಂದೇ ದಿನ. ಡೀನ್ ಕರೆಸಿದರು. ಯಾವತ್ತಿನಂತೆ ಸೌಜನ್ಯದಿಂದ ಕೂರಿಸಿ, ಖರ್ಜೂರದ ತಟ್ಟೆ ಮುಂದಿಟ್ಟು, ಕಾಫಿ ತಾವೇ ಬಗ್ಗಿಸಿಕೊಟ್ಟರು. ನಿರ್ಣಯವನ್ನು ಓದಿ, "ಚೀಟಿಯಲ್ಲಿ ಬರೆಸಿದಿರಂತೆ. ಯಾರು ಏನು ಬರೆದರೆಂದು ನೋಡಬಹುದೇ?" ಎಂದರು.

ಚೀಟಿಗಳು ನನ್ನ ಕೈಚೀಲದಲ್ಲೇ ಇದ್ದವು. ಹೆಸರಿಲ್ಲದಿದ್ದರೂ ಕೈಬರಹ ನೋಡಿದರೆ ಯಾರದ್ದೆಂದು ಯಾರಾದರೂ ಹೇಳಬಹುದಿತ್ತು. ಕೊಡುವುದಿಲ್ಲ ಎನ್ನಬೇಕಿತ್ತು. ನಾನು ಹೇಳಿದ್ದು, "ನಾಳೆ ತರುತ್ತೇನೆ ಸರ್."

ಆ ಮಧ್ಯಾಹ್ನ ಮನೆಗೆ ಬಂದೆ. ಗಂಡ ಶಿಫ್ಟಿಗೆ ಹೊರಡುತ್ತಿದ್ದರು. ಬೂಟಿನ ಲೇಸು ಕಟ್ಟುತ್ತಲೇ ಎಲ್ಲವನ್ನೂ ಕೇಳಿದರು.

"ಕೊಟ್ಟು ಬಿಡು. ಅವರಿಗೆ ಬೇಕಾದ್ರೆ ಹೇಗೂ ಗೊತ್ತಾಗ್ತದೆ. ನಿನ್ನ ರಿನ್ಯೂವಲ್ ಇದೇ ತಿಂಗಳಲ್ಲಿ ಅಲ್ವಾ?"

"ನನ್ನ ಹತ್ರ ಮಾತ್ರ ಇರ್ತದೆ ಅಂತ ಹೇಳಿದ್ದೇನೆ."

"ಹಾಗಾದ್ರೆ ನಾಳೆ ತರ್ತೇನೆ ಅಂತ ಯಾಕೆ ಹೇಳಿದ್ದು?"

ಅವರು ಸಿಟ್ಟಿನಿಂದ ಕೇಳಿರಲಿಲ್ಲ, ಅದರಿಂದಲೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿಗೂ ಮುಂಚೆ ಮಂಡಳಿಯವರನ್ನು ಹತ್ತು ನಿಮಿಷಕ್ಕೆಂದು ಲೈಬ್ರರಿಗೆ ಕರೆದೆ. ನಿಂತುಕೊಂಡೇ ಹೇಳಿದೆ. "ಡೀನ್ ಚೀಟಿ ಕೇಳಿದರು. ನಾನು ಹೆದರಿ ತರುತ್ತೇನೆ ಅಂದುಬಿಟ್ಟೆ. ನಿಮಗೆ ಕೊಟ್ಟ ಮಾತು ಬೇರೆ. ಏನು ಮಾಡಬೇಕೆಂದು ತಿಳಿಯುತ್ತಿಲ್ಲ." ಇನ್ನು ಮುಂದೆ ಇವರಾರೂ ನನ್ನೆದುರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ ಎಂದುಕೊಂಡೆ.

ಹಿರಿಯ ಒಮಾನಿ ಅಧ್ಯಾಪಕರು ಎದ್ದು ಬಂದು ನಿರ್ಣಯದ ಹಾಳೆಯನ್ನು ಎಳೆದುಕೊಂಡರು. "ನಾನು ಚೀಟಿಯಲ್ಲಿ ರದ್ದಾಗಲಿ ಎಂದೇ ಬರೆದಿದ್ದೆ," ಎಂದರು. "ಆದರೆ ಇದು ಮಂಡಳಿಯ ತೀರ್ಮಾನ. ಹೆಸರು ಬೇಕಿದ್ದರೆ ಇಗೋ." ಸಹಿ ಹಾಕಿದರು. ಸುಡಾನಿನ ಅಧ್ಯಾಪಕಿ ಹಾಕಿದರು. ಹಾಳೆ ಕೈಯಿಂದ ಕೈಗೆ ಹೋಯಿತು. ಕಂಪ್ಯೂಟರ್ ವಿಭಾಗದ ಫಿಲಿಪೀನ್ಸ್‌ನ ಅಧ್ಯಾಪಕರು ಮಾತ್ರ ಪೆನ್ನಿನ ಮುಚ್ಚಳ ತೆಗೆದು, ತಿರುಗಿ ಹಾಕಿ, ಹಾಳೆಯನ್ನು ಪಕ್ಕದವರಿಗೆ ದಾಟಿಸಿದರು. ಯಾರೂ ಅವರ ಕಡೆ ನೋಡಲಿಲ್ಲ. ನಾನೂ ಏನೂ ಕೇಳಲಿಲ್ಲ. ಕೊನೆಯಲ್ಲಿ ನಾನು ಸಹಿ ಮಾಡಿದೆ. ಲೈಬ್ರರಿಯನ್ ಚೀಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಕಾಗದ ಚೂರುಚೂರು ಮಾಡುವ ಯಂತ್ರಕ್ಕೆ ಹಾಕಿದರು.

ಡೀನ್ ಕೋಣೆಯಲ್ಲಿ ಹಾಳೆಯನ್ನು ಮೇಜಿನ ಮೇಲಿಟ್ಟು, "ಸರ್, ಚೀಟಿಗಳಿಲ್ಲ. ತರುತ್ತೇನೆಂದು ಹೇಳಿದ್ದು ನನ್ನ ತಪ್ಪು. ಇದು ಮಂಡಳಿಯ ಉತ್ತರ," ಎಂದೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಸಹಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಒಂದು ಕಮ್ಮಿಯಿದ್ದದ್ದನ್ನೂ ನೋಡಿರಬೇಕು.

"ಒಂದೇ ದಿನ ಎರಡು ಪರೀಕ್ಷೆ ಎಂದು ಬರೆದವರು ಯಾವ ವಿಭಾಗದವರೆಂದು ತಿಳಿದರೆ ಅವರನ್ನೇ ಕರೆಸಿ ಮಾತಾಡೋಣ ಎಂದಿದ್ದೆ. ಅಷ್ಟೇ," ಎಂದರು. ಅದು ನಿಜವಿರಬಹುದು. ನಾವೆಲ್ಲ ಇಲ್ಲದ ಭಯವನ್ನು ಹೊತ್ತುಕೊಂಡು ತಿರುಗಿದ್ದಿರಬಹುದು. ಇಂದಿಗೂ ನನಗೆ ಖಚಿತವಿಲ್ಲ.

ಆ ವರ್ಷ ಮರುಪರೀಕ್ಷೆ ನಡೆಯಿತು. ಟೈಮ್‌ಟೇಬಲ್ ತಿದ್ದುವ ಕೆಲಸವನ್ನು ಸುಡಾನಿನ ಅಧ್ಯಾಪಕಿಗೇ ಒಪ್ಪಿಸಿದರು. ನನ್ನ ರಿನ್ಯೂವಲ್ ಪತ್ರ ಉಳಿದವರಿಗಿಂತ ಒಂಬತ್ತು ದಿನ ತಡವಾಗಿ ಬಂತು. ಆ ಒಂಬತ್ತು ದಿನವೂ ಬೆಳಿಗ್ಗೆ ಇಮೇಲ್ ತೆರೆಯುವ ಮುಂಚೆ ನಾನು ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ತಡವಾದದ್ದಕ್ಕೆ ಕಾರಣ ನನ್ನ ಪಾಸ್‌ಪೋರ್ಟಿನ ಹಳೆಯ ಪ್ರತಿ ಫೈಲಿನಲ್ಲಿದ್ದದ್ದು ಎಂದು ಗುಮಾಸ್ತೆ ಹೇಳಿದಳು. ಅಧ್ಯಕ್ಷತೆ ಬಿಡುತ್ತೇನೆಂದು ಬರೆದಿಟ್ಟಿದ್ದ ಪತ್ರವನ್ನು ನಾನು ಕೊಡಲಿಲ್ಲ.

ರಿನ್ಯೂವಲ್ ಪತ್ರ ಬಾರದೇ ಹೋದದ್ದು ಸಹಿ ಹಾಕದ ಫಿಲಿಪೀನ್ಸ್‌ನ ಅಧ್ಯಾಪಕರಿಗೆ. ಅವರ ಕೋರ್ಸನ್ನು ಬೇರೊಂದರ ಜೊತೆ ಸೇರಿಸಿದ್ದರು. ಇದಕ್ಕೂ ಸಭೆಗೂ ಸಂಬಂಧವಿರಲಿಲ್ಲ. ದಕ್ಷಿಣಕ್ಕೆ ದೂರದ ದುಕ್ಮ್ ಊರಿನ ಒಂದು ತರಬೇತಿ ಕೇಂದ್ರದಲ್ಲಿ ಕೆಲಸ ಹುಡುಕಿಕೊಂಡು ಹೊರಟಾಗ ನನ್ನ ಕೋಣೆಗೆ ಬಂದರು.

"ಅವತ್ತು ಯಾಕೆ ಸಹಿ ಹಾಕಲಿಲ್ಲವೆಂದು ನೀವು ಕೇಳಲಿಲ್ಲ," ಎಂದರು.

"ನಾನು ಚೀಟಿ ಕೊಡುತ್ತೇನೆ ಅಂದವಳು. ನಿಮ್ಮನ್ನು ಏನಂತ ಕೇಳಲಿ?" ಎಂದೆ.

ಅವರು ನಕ್ಕರು. ಪುಸ್ತಕದ ಪೆಟ್ಟಿಗೆಗಳನ್ನು ಇಬ್ಬರೂ ಸೇರಿ ಪಾರ್ಕಿಂಗಿಗೆ ಹೊತ್ತೊಯ್ದೆವು. ಅವರ ಹೆಂಡತಿ ಕಾರಿನ ಮುಂದಿನ ಸೀಟಿನಲ್ಲಿ ಫೋನಿನಲ್ಲಿ ದಾರಿ ನೋಡುತ್ತಿದ್ದರು, ಹಿಂದೆ ಇಬ್ಬರು ಹೆಣ್ಣುಮಕ್ಕಳು ಕಿಟಕಿಯ ಪಕ್ಕ ಯಾರು ಕೂರಬೇಕೆಂದು ಜಗಳವಾಡುತ್ತಿದ್ದರು.