ಮೂರು ಮನೆ, ಒಂದು ಕಂಬ

ಬೆಳಗ್ಗೆ ಬೆಳಗ್ಗೇನೇ ಎದೆ ಧಸಕ್ಕಂತು ಮಾರಾಯ್ರೇ. ಸಕಲೇಶಪುರದ ಅಪಾರ್ಟ್‌ಮೆಂಟಲ್ಲಿರೋ ನನ್ನ ಮೂರು ಫ್ಲಾಟಿನ ಬಾಡಿಗೆಯೋರೂ ಒಂದೇ ಫೋಟೊ ಕಳ್ಸಿದ್ರು: ಪಾರ್ಕಿಂಗ್ ಕಂಬದಲ್ಲಿ ಬಿರುಕು. ಎಂಜಿನಿಯರ್‌ಗೆ ಫೋನ್ ಮಾಡ್ದೆ. "ಬರೀ ಪ್ಲಾಸ್ಟರ್ ಬಿಟ್ಟಿರ್ಬೋದು ಸಾರ್, ಸಂಜೆ ನೋಡ್ತೀನಿ" ಅಂದ. ಇರ್ಬೋದಂತೆ!

ಆಲೂರಿನ ನಮ್ಮ ತೋಟದ ಮನೆ ಅಂಗಳದಲ್ಲಿ ಮೆಣಸು ಒಣಗಿಸ್ತಿದ್ದ ನನ್ನ ಹೆಂಡ್ತಿ ಫೋಟೊ ನೋಡಿ, "ಕಾಫಿ ಕೈಕೊಟ್ರೆ ಮೆಣಸೈತೆ, ಅದೂ ಹೋದ್ರೆ ಅಡಿಕೆ ಐತೆ, ಒಂದನ್ನೇ ನಂಬ್ಬೇಡಿ ಅಂತ ಊರಿಗೆಲ್ಲ ಹೇಳ್ತೀರಲ್ಲ. ಮನೆ ಮಾತ್ರ ಮೂರೂ ಒಂದೇ ಕಟ್ಟಡದಲ್ಲಿ ಯಾಕ್ರೀ ತಗೊಂಡ್ರಿ?" ಅಂದ್ಲು.

"ಓಡಾಟ ಕಮ್ಮಿ ಅಂತ ಕಣೇ."

ನಿಜವಾಗ್ಲೂ ಕಮ್ಮಿ. ಆಲೂರಿಂದ ಒಂದೇ ಉಸಿರಿಗೆ ಬಂದು ಆ ಕಂಬದ ಎದುರೇ ಕುರ್ಚಿ ಹಾಕ್ಕೊಂಡು ಕೂತಿದೀನಿ. ಮೇಲೆ ಯಾರೋ ಕುಟ್ಟಾಣಿಲಿ ಮಸಾಲೆ ಕುಟ್ತಾವ್ರೆ. ಒಂದೊಂದು ಏಟಿಗೂ ನಾನು ಅಲ್ಲಾಡ್ತಿದೀನಿ. ಕಂಬ ಇನ್ನೂ ಅಲ್ಲಾಡಿಲ್ಲ.