ಅಕ್ಕನ ಕೈ, ನನ್ನ ಡ್ಯಾಶ್‌ಬೋರ್ಡು

ಮೂರು ವರ್ಷ ಕಳೆದರೂ, ಬಿಸಿಲಿಗೆ ಕಾದ ನನ್ನ ಕಾರಿನ ಬಾಗಿಲು ತೆಗೆದರೆ ಹೊಸ ರೆಕ್ಸಿನ್ ವಾಸನೆ ಮೂಗಿಗೆ ಬಡಿಯುತ್ತದೆ. ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ; ನನಗೆ ಒಬ್ಬನೇ ಇದ್ದರೂ ನಗೆ ತಡೆಯಲಾಗುವುದಿಲ್ಲ.

ಅಪ್ಪನ ಕಾಲದ ಅಂಬಾಸಡರ್ ಅದು. ಎಂಜಿನ್ ಗಟ್ಟಿ, ಹಾರ್ನ್ ಅದಕ್ಕಿಂತ ಗಟ್ಟಿ. ಡ್ಯಾಶ್‌ಬೋರ್ಡ್ ಮಾತ್ರ ಎಡಗಡೆ ಹರಿದು, ಒಳಗಿನ ಸ್ಪಂಜು ಹೊರಗಿಣುಕುತ್ತಿತ್ತು. ಕಲಬುರಗಿಯ ಬಿಸಿಲಿಗೆ ಹೀಗಾಗಿದೆ ಎಂದು ಕಂಡಕಂಡವರಿಗೆ ಹೇಳುತ್ತಿದ್ದೆ. ನಮ್ಮೂರಲ್ಲಿ ಎಂಥ ತಪ್ಪನ್ನೂ ಬಿಸಿಲಿನ ತಲೆಗೆ ಕಟ್ಟಬಹುದು, ಯಾರೂ ಎದುರಾಡುವುದಿಲ್ಲ.

ಜಗತ್ ಸರ್ಕಲ್ ಹತ್ತಿರ ಕಾರಿನ ಸೀಟ್ ಹೊಲಿಯುವ ಉಸ್ತಾದರು ಎದುರಾಡಿದರು. ಹರಿದ ಜಾಗಕ್ಕೆ ತಮ್ಮ ಎರಡೂ ಅಂಗೈ ಇಟ್ಟು ನೋಡಿದರು. ಸರಿಯಾಗಿ ಕೂತವು.

"ಇದು ಬಿಸಿಲಿನ ಕೆಲಸ ಅಲ್ರೀ ಸರ್. ಇಲ್ಲಿ ಕೂಡೋರಿಗೆ ನಿಮ್ಮ ಡ್ರೈವಿಂಗ್ ಮ್ಯಾಲ ಭರೋಸಾ ಇಲ್ಲ."

ಅಲ್ಲಿ ಕೂಡುವವಳು ನನ್ನ ಅಕ್ಕ. ಕಮಲಾಪುರ ಆಕೆಯ ಗಂಡನ ಮನೆ. ರವಿವಾರ ಬಾಳೆಹಣ್ಣು ಹೊತ್ತು ಬಸ್ಸಿಗೆ ಬರುತ್ತಾಳೆ, ಸಂಜೆ ವಾಪಸ್ ಬಿಡುವುದು ನನ್ನ ಕೆಲಸ. ಹಂಪ್ ಬರಲಿ, ಎಮ್ಮೆ ಬರಲಿ, ಎರಡೂ ಕೈ ಡ್ಯಾಶ್‌ಬೋರ್ಡಿಗೆ ಒತ್ತಿ ಶಿವ ಶಿವ ಅನ್ನುತ್ತಾಳೆ. ಮೂವತ್ತು ವರ್ಷದ ಡ್ರೈವಿಂಗಿನಲ್ಲಿ ನಾನು ಗುದ್ದಿದ್ದು ನಮ್ಮ ಮನೆಯ ಗೇಟನ್ನು ಮಾತ್ರ, ಅದೂ ಎರಡೇ ಸಲ. ಉಸ್ತಾದರ ಮಾತು ಚುಚ್ಚಿತು. ಒಡಹುಟ್ಟಿದವಳಿಗೇ ನನ್ನ ಮೇಲೆ ನಂಬಿಕೆ ಇಲ್ಲವೇ? ಹೊಸ ಡ್ಯಾಶ್‌ಬೋರ್ಡಿಗೆ ಆಕೆ ಒಮ್ಮೆಯೂ ಕೈ ಹಚ್ಚದಂತೆ ಕಮಲಾಪುರ ಮುಟ್ಟಿಸುತ್ತೇನೆ ಎಂದು ಹಟ ತೊಟ್ಟೆ.

ಉಸ್ತಾದರು ಹಳೆಯದನ್ನು ಬಿಚ್ಚಿ, ತಗಡು ತಟ್ಟಿ, ಹೊಸ ಸ್ಪಂಜಿಟ್ಟು, ಕಂದು ರೆಕ್ಸಿನ್ ಎಳೆದು ಅಂಟಿಸಿದರು. ಒಂದು ಸುಕ್ಕಿಲ್ಲ. ಖುಷಿಗೆ ಜಗತ್ ಸರ್ಕಲ್ಲಿಗೆ ಸುಮ್ಮನೆ ಎರಡು ಸುತ್ತು ಹಾಕಿದೆ.

ಆ ರವಿವಾರ ಅಕ್ಕ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಮೊದಲ ಹಂಪ್ ದಾಟಿತು, ಕೈ ಏಳಲಿಲ್ಲ. ಲಾರಿಯೊಂದು ಉಜ್ಜಿಕೊಂಡೇ ಹೋಯಿತು ಅನ್ನಿ, ಆಗಲೂ ಇಲ್ಲ. ನಾನು ಒಳಗೊಳಗೇ ಕುಣಿಯತೊಡಗಿದೆ, ಸಿಳ್ಳೆಯನ್ನೂ ಹಾಕಿದೆ. ಇನ್ನೇನು ಕಮಲಾಪುರ ಬಂತು ಅನ್ನುವಾಗ ಆಡೊಂದು ರಸ್ತೆಗೆ ಜಿಗಿಯಿತು. ಗಕ್ಕನೆ ಬ್ರೇಕ್ ಒತ್ತಿದೆ.

ಆಡು ಪಾರಾಯಿತು. ಡ್ಯಾಶ್‌ಬೋರ್ಡ್ ನೋಡಿದೆ, ಅಕ್ಕನ ಕೈ ಅಲ್ಲಿರಲಿಲ್ಲ. ನನ್ನ ಎದೆಗೆ ಅಡ್ಡವಾಗಿ ಇತ್ತು, ನಾನೆಲ್ಲಿ ಮುಗ್ಗರಿಸುತ್ತೇನೋ ಎಂದು. ಸ್ಟಿಯರಿಂಗ್ ಹಿಡಿದವನು ನಾನು, ವಯಸ್ಸು ಐವತ್ತೆರಡು.

ಡ್ಯಾಶ್‌ಬೋರ್ಡ್ ಯಾಕೆ ಹಿಡಿಯಲಿಲ್ಲ ಎಂದು ಕೇಳಿದೆ.

"ಹೊಸಾದು ಅದಲ್ಲೋ ತಮ್ಮಾ, ಹೊಲಸ ಆಗ್ತದ. ನೀ ಹೆಂಗೂ ಹಳೇದ ಇದ್ದಿ."

ಕಾರು ಬದಿಗೆ ನಿಲ್ಲಿಸಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹಟ ಗೆದ್ದೆನೋ ಸೋತೆನೋ ತಿಳಿಯಲಿಲ್ಲ, ಆದರೆ ಅಷ್ಟು ಹಿಗ್ಗು ನನಗೆ ಎಂದೂ ಆಗಿರಲಿಲ್ಲ.

ಈಗಲೂ ರವಿವಾರ ಅದೇ ದಾರಿ. ನಂಬಿಕೆಯ ಮಾತು ನಾನು ಎತ್ತುವುದಿಲ್ಲ. ನಿಮಗಷ್ಟೇ ಹೇಳುತ್ತೇನೆ, ಅಕ್ಕನ ಕಿವಿಗೆ ಹಾಕಬೇಡಿ: ಹಂಪ್ ಇಲ್ಲದ, ಎಮ್ಮೆ ಇಲ್ಲದ ಖಾಲಿ ರಸ್ತೆಯಲ್ಲೂ ಒಮ್ಮೊಮ್ಮೆ ಬೇಕಂತಲೇ ಬ್ರೇಕ್ ಒತ್ತುತ್ತೇನೆ.