ಕತ್ತಿಯೇಟು ತಿಂದ ದುಬೈ ಫೋನ್

1979ರಲ್ಲಿ ನಾನು ಕಾಪುವಿನಲ್ಲಿ ಸಬ್ ಇನ್‌ಸ್ಪೆಕ್ಟರ್. ದಡದಿಂದ ದೊಡ್ಡ ಬಲೆ ಎಳೆಯುವ ರಂಪಣಿಯವರಿಗೂ ಯಂತ್ರದ ಬೋಟಿನವರಿಗೂ ಆಗ ಕಂಡರಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೋಟೊಂದು ರಂಪಣಿ ಬಲೆಯನ್ನು ಹರಿದು ಹಾಕಿತು. ನಾನು ತಲುಪುವಷ್ಟರಲ್ಲಿ ಮರಳಿನ ಮೇಲೆ ಹುಟ್ಟು, ಕಲ್ಲು, ಕತ್ತಿಗಳ ಹೊಡೆದಾಟ. ಒಬ್ಬನ ದವಡೆ ಜೋತುಬಿದ್ದಿತ್ತು. ನನ್ನ ಜೊತೆಗಿದ್ದವರು ಇಬ್ಬರೇ ಪೇದೆಗಳು.

ಉಡುಪಿಯಿಂದ ಪೊಲೀಸರನ್ನು ಕರೆಸಲು ಬೋಟ್ ಮಾಲೀಕ ಸದಾಶಿವಣ್ಣನವರ ಐಸ್ ಪ್ಲಾಂಟಿಗೆ ಓಡಿದೆವು. ಅವರು ದುಬೈಯಿಂದ ತರಿಸಿದ, ಗುಂಡಿ ಒತ್ತುವ ಕೆಂಪು ಫೋನ್ ಅಲ್ಲಿತ್ತು. ಬೆಲೆ ನನ್ನ ಮೂರು ತಿಂಗಳ ಸಂಬಳ. ಅದನ್ನು ಎತ್ತಿಕೊಂಡು ಮಾತಾಡುತ್ತಿರುವಾಗಲೇ ರಂಪಣಿಯ ರಾಘು ನೆತ್ತರು ಸುರಿಸುತ್ತ ಒಳಗೆ ನುಗ್ಗಿದ. ಕಿವಿಯ ಮೇಲಿನ ಚರ್ಮ ಸುಲಿದು ತೂಗುತ್ತಿತ್ತು. ಬೆನ್ನಟ್ಟಿ ಬಂದವನು ಜಯ, ಸದಾಶಿವಣ್ಣನವರ ಅಕ್ಕನ ಮಗ. ಅವನ ಕತ್ತಿ ರಾಘುವಿನ ತಲೆಗೆ ಇಳಿಯುತ್ತಿತ್ತು. ಕೈಯಲ್ಲೇನಿದೆ ಎಂದು ನೋಡದೆ ಅಡ್ಡ ಹಿಡಿದೆ. ಫೋನ್ ಸೀಳಿತು, ಕತ್ತಿ ಅದರಲ್ಲೇ ಕಚ್ಚಿಕೊಂಡಿತು. ಪೇದೆಗಳು ಜಯನನ್ನು ನೆಲಕ್ಕೆ ಕೆಡವಿದರು.

ಸಂಜೆ ಸದಾಶಿವಣ್ಣ ಠಾಣೆಗೆ ಬಂದರು.

"ಫೋನ್ ಹಾಳಾದದ್ದು ನಿಮ್ಮ ಕೈಯಲ್ಲಿ ಅಲ್ವಾ? ಬದಲು ಕೊಡುವುದು ಬೇಡ. ಆ ತುಂಡುಗಳನ್ನು ನನಗೆ ಕೊಟ್ಟುಬಿಡಿ, ಸಾಕು."

"ಕೊಡದಿದ್ದರೆ?"

"ಪೊಲೀಸರೇ ಒಡೆದರು ಅಂತ ಮೇಲಿನವರಿಗೆ ಬರೆಯುತ್ತೇನೆ. ನಮ್ಮದು ಅಳಿಯಕಟ್ಟು, ನನ್ನ ನಂತರ ಮನೆ ನಡೆಸುವವನು ಮಗನಲ್ಲ, ಅಕ್ಕನ ಮಗನಾದ ಈ ಅಳಿಯ. ಅವನು ಜೈಲಿಗೆ ಹೋದರೆ ನನಗೆ ಎಂತ ಉಂಟು ಮಾರಾಯರೇ?"

ಕತ್ತಿ ಕಚ್ಚಿದ ಆ ಫೋನೇ ಕೊಲೆಯತ್ನದ ಮುಖ್ಯ ಸಾಕ್ಷಿ. ಅದಿಲ್ಲದಿದ್ದರೆ ಪ್ರಕರಣ ಬರೀ ಹೊಡೆದಾಟವಾಗಿ ಮುಗಿಯುತ್ತಿತ್ತು. ತುಂಡುಗಳನ್ನು ಕೊಟ್ಟು ಕೈತೊಳೆದುಕೊಳ್ಳಲು ಒಂದು ಗಳಿಗೆ ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ರಾಘುವಿನ ನೆತ್ತರಿನ ಕಲೆ ನನ್ನ ಅಂಗಿಯಲ್ಲಿ ಇನ್ನೂ ಹಾಗೇ ಇತ್ತು. ಫೋನನ್ನು ಕತ್ತಿಯ ಸಮೇತ ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಸೀಲ್ ಮಾಡಿದೆ. ಸದಾಶಿವಣ್ಣನವರಿಗೆ ಬದಲಿ ಫೋನನ್ನು ನನ್ನ ದುಡ್ಡಿನಲ್ಲೇ ಕೊಡುತ್ತೇನೆ ಎಂದೆ.

"ಡ್ಯೂಟಿಯಲ್ಲಿ ಒಡೆದದ್ದಕ್ಕೆ ನೀವು ಯಾಕೆ ಕೊಡಬೇಕು ಸರ್?" ಎಂದು ಪೇದೆಗಳು ಬೈದರು. ಅವರ ಮಾತು ಸರಿಯೇ. ಆದರೂ ನಾಳೆ ಕಟಕಟೆಯಲ್ಲಿ ನಿಂತಾಗ ಆ ಮನುಷ್ಯನ ಹಂಗು ನನ್ನ ಮೇಲಿರುವುದು ಬೇಡವಾಗಿತ್ತು. ಪರಿಚಯದವರಿಂದ ಅಂಥದ್ದೇ ಕೆಂಪು ಫೋನ್ ದುಬೈಯಿಂದ ತರಿಸಿ, ವಿಚಾರಣೆಗೆ ಮೊದಲೇ ಅವರ ಮೇಜಿನ ಮೇಲಿಟ್ಟು ಬಂದೆ.

ಜಯನಿಗೆ ಐದು ವರ್ಷ ಶಿಕ್ಷೆಯಾಯಿತು. ಬೇರೊಬ್ಬರ ಹಂಗಿರುವ ಕೈಯಿಂದ ಕೋಳ ತೊಡಿಸಲಾಗದು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿದ್ದು ಹೀಗೆ. ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲ ಬಳಿ ಸದಾಶಿವಣ್ಣ ಎದುರಾದರು.

"ಫೋನಿಗೆ ಫೋನ್ ಕೊಟ್ಟಿರಿ," ಎಂದರು. "ಅಳಿಯನ ಬದಲಿಗೆ ಎಂತ ಕೊಡುತ್ತೀರಿ?"